ಹೆಬ್ಬೆರಳಿಗೆ ರಾಗ ಕಲಿಸಿದ್ದು: ಕಾರ್ಟರ್ ಕುಟುಂಬದ ಹಾಡು ಮತ್ತು ನಾನು

ಗಿಟಾರ್‌ನಲ್ಲಿ ರಾಗ ನುಡಿಸುವುದು ಸಣ್ಣ ತಂತಿಗಳ ಮೇಲೆ ಅಂತ ನಾನು ಅಂದುಕೊಂಡಿದ್ದೆ. ಅಮೆರಿಕದ ಹಳೇ ಹಾಡುಗಾರರ ತಂಡ ಕಾರ್ಟರ್ ಕುಟುಂಬದ ಗಿಟಾರ್ ವಾದಕಿ ಮೇಬೆಲ್ ಕಾರ್ಟರ್ ಕೈಯಲ್ಲಿ ಅದು ತಿರುವುಮುರುವು. ರಾಗ ದಪ್ಪ ತಂತಿಗಳ ಮೇಲೆ, ಅದೂ ಹೆಬ್ಬೆರಳಿನಿಂದ. ತಾಳ ಸಣ್ಣ ತಂತಿಗಳ ಮೇಲೆ. ಅಲ್ಲಿ ತೋರುಬೆರಳು ಕೆಳಗೆ, ಮೇಲೆ ಸವರುತ್ತಲೇ ಇರಬೇಕು. ಒಬ್ಬರೇ ನುಡಿಸಿದರೂ ಇಬ್ಬರು ಕೂತು ನುಡಿಸಿದ ಹಾಗೆ ಕೇಳುತ್ತದೆ. ಇದಕ್ಕೆ 'ಕಾರ್ಟರ್ ಸ್ಕ್ರ್ಯಾಚ್' ಅನ್ನುತ್ತಾರೆ. ಇದು ನನ್ನ ಕೈಗೆ ಕೂರಲು ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು.

ನಾನು ಹಾಸನದ ಕಡೆಯವಳು. ಗಂಡನ ಕೆಲಸದ ಸಲುವಾಗಿ 2014ರಲ್ಲಿ ಟೆನೆಸಿಯ ಕಿಂಗ್ಸ್‌ಪೋರ್ಟ್‌ಗೆ ಬಂದೆವು. ಅದೇ ವರ್ಷ ಪಕ್ಕದ ಬ್ರಿಸ್ಟಲ್ ಊರಿನಲ್ಲಿ ಕಂಟ್ರಿ ಸಂಗೀತದ, ಅಂದರೆ ಇಲ್ಲಿನ ಹಳ್ಳಿ ಹಾಡುಗಳಿಂದ ಬೆಳೆದ ಸಂಗೀತದ, ಮ್ಯೂಸಿಯಂ ಶುರುವಾಗಿತ್ತು. ಬ್ರಿಸ್ಟಲ್‌ನ ದೊಡ್ಡ ಬೀದಿಯ ನಡುವೆಯೇ ಎರಡು ರಾಜ್ಯಗಳ ಗಡಿ ಹಾದುಹೋಗುತ್ತದೆ. ಈ ಕಡೆ ಟೆನೆಸಿ, ಆ ಕಡೆ ವರ್ಜೀನಿಯಾ. ಮಳೆ ಬರುತ್ತಿತ್ತು ಅಂತ ಸುಮ್ನೆ ಒಳಗೆ ಹೋದೆವು. ಅಲ್ಲಿ ಕಾರ್ಟರ್ ಕುಟುಂಬದ ಹಾಡುಗಾರ್ತಿ ಸಾರಾ ಕಾರ್ಟರ್ ದನಿ ಕೇಳಿದೆ. ಹೆಣ್ಣಿನ ದನಿ ಅಷ್ಟು ಕೆಳಗಿನ ಶ್ರುತಿಯಲ್ಲಿ, ಅಷ್ಟು ನೇರವಾಗಿ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ. ಅಳುವ ಹಾಡು, ಆದರೆ ಹಾಡುವವಳು ಅಳುತ್ತಿಲ್ಲ. ಆವತ್ತು ಮನೆಗೆ ಬಂದ ಮೇಲೂ ಆ ದನಿ ಕಿವಿಯಲ್ಲೇ ಇತ್ತು.

ಅವರ ಕಥೆ ನಮ್ಮ ಕಡೆಯ ಕೂಡುಕುಟುಂಬದ ಕಥೆಯ ಹಾಗೇ ಇದೆ. ಎ.ಪಿ. ಕಾರ್ಟರ್ ಮತ್ತು ಸಾರಾ ಗಂಡ ಹೆಂಡತಿ. ಮೇಬೆಲ್ ಮದುವೆಯಾದದ್ದು ಎ.ಪಿ.ಯ ತಮ್ಮ ಎಜ್ರಾನನ್ನು. ಹಾಗಾಗಿ ಸಾರಾ, ಮೇಬೆಲ್ ಓರಗಿತ್ತಿಯರು. ಅದಕ್ಕೂ ಮೊದಲೇ ನೆಂಟರು. 1927ರ ಆಗಸ್ಟ್‌ನಲ್ಲಿ ರಾಲ್ಫ್ ಪಿಯರ್ ಅನ್ನುವವರು ಬ್ರಿಸ್ಟಲ್‌ನಲ್ಲಿ ಒಂದು ಟೋಪಿ ಕಂಪನಿಯ ಕಟ್ಟಡದಲ್ಲಿ ಯಂತ್ರ ಇಟ್ಟುಕೊಂಡು ಹಳ್ಳಿ ಹಾಡುಗಾರರ ರೆಕಾರ್ಡಿಂಗ್ ಮಾಡುತ್ತಿದ್ದರು. ಬೆಟ್ಟದ ಕೆಳಗಿನ ಮೇಸಸ್ ಸ್ಪ್ರಿಂಗ್‌ನಿಂದ ಈ ಮೂವರು ಎಜ್ರಾನ ಕಾರಿನಲ್ಲಿ ಹೊರಟರು. ಮೇಬೆಲ್‌ಗೆ 18 ವರ್ಷ, ತುಂಬು ಬಸುರಿ. ಸಾರಾ ಜೊತೆ ಹಾಲು ಕುಡಿಯುವ ಮಗು, ಅದನ್ನು ನೋಡಿಕೊಳ್ಳಲು ಎಂಟು ವರ್ಷದ ಮಗಳು. ಎರಡು ದಿನದಲ್ಲಿ ಆರು ಹಾಡು ಹಾಡಿದರು. ಹಾಡೊಂದಕ್ಕೆ 50 ಡಾಲರ್. ಅದೇ ವಾರ, ಅದೇ ಜಾಗದಲ್ಲಿ ಮುಂದೆ ದೊಡ್ಡ ಹೆಸರು ಮಾಡಿದ ಹಾಡುಗಾರ ಜಿಮ್ಮಿ ರಾಜರ್ಸ್ ಕೂಡ ಮೊದಲ ಸಲ ರೆಕಾರ್ಡಿಂಗ್‌ಗೆ ಹಾಡಿದರು. ಕಂಟ್ರಿ ಸಂಗೀತ ಹುಟ್ಟಿದ್ದು ಇಲ್ಲೇ ಅಂತ ಊರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ.

ನಾನು ಗಿಟಾರ್ ತಂದದ್ದು ಒಂದು ಗಿರವಿ ಅಂಗಡಿಯಿಂದ. 90 ಡಾಲರ್ ಕೊಟ್ಟೆ. ತಂತಿಗಳು ಬೆರಳು ಒತ್ತುವ ಪಟ್ಟಿಯಿಂದ ತುಂಬಾ ಎತ್ತರದಲ್ಲಿದ್ದವು. ಒತ್ತಿ ಒತ್ತಿ ಬೆರಳ ತುದಿಯಲ್ಲಿ ಬೊಬ್ಬೆ ಬಂತು. ಎಲ್ಲರಿಗೂ ಹೀಗೇ ಅಂತ ಎರಡು ತಿಂಗಳು ನೋವು ನುಂಗಿಕೊಂಡೆ. ಅದು ತಪ್ಪು. ಪಕ್ಕದ ಬೀದಿಯಲ್ಲಿ ಒಬ್ಬ ಅಜ್ಜ ಇದ್ದರು, ಚಿಕ್ಕಂದಿನಿಂದ ಇದೇ ಸಂಗೀತ ನುಡಿಸಿದವರು. ಗಿಟಾರ್ ಕೈಗೆ ತೆಗೆದುಕೊಂಡ ತಕ್ಷಣ, "ಇದರಲ್ಲಿ ಯಾರಿಗೂ ಕಲಿಯೋಕೆ ಆಗಲ್ಲಮ್ಮ" ಅಂದರು. ತಂತಿ ಕೂರುವ ಬಿಳಿ ಪಟ್ಟಿಯನ್ನು ಬಿಚ್ಚಿ, ತಳ ಉಜ್ಜಿ ತಗ್ಗಿಸಿ ಕೊಟ್ಟರು. ಹೊಸದಾಗಿ ಕಲಿಯುವವರು ಇದನ್ನು ಮೊದಲ ದಿನವೇ ತಿಳಿದವರ ಹತ್ತಿರ ನೋಡಿಸಿಕೊಳ್ಳಿ.

ಅಜ್ಜ ಕಾಗದದ ಮೇಲೆ ಏನೂ ಬರೆದುಕೊಡಲಿಲ್ಲ. "ಕೇಳು, ನೋಡು, ನುಡಿಸು" ಅಷ್ಟೇ. ಇದು ನನಗೆ ಹೊಸದಲ್ಲ. ಹತ್ತು ವರ್ಷ ನಮ್ಮ ಸಂಗೀತದ ಟೀಚರ್ ಎದುರು ಚಾಪೆ ಮೇಲೆ ಕೂತು ಹಾಗೇ ಕಲಿತವಳು ನಾನು. ಕಷ್ಟ ಆದದ್ದು ಎರಡು ಕೆಲಸ ಒಟ್ಟಿಗೆ ಮಾಡುವುದು. ಹೆಬ್ಬೆರಳು ರಾಗದ ಕಡೆ ಹೋದರೆ ತೋರುಬೆರಳು ನಿಂತುಬಿಡುತ್ತಿತ್ತು. ತೋರುಬೆರಳು ಓಡಿದರೆ ರಾಗ ತಪ್ಪುತ್ತಿತ್ತು.

ದಾರಿ ಸಿಕ್ಕಿದ್ದು ನಮ್ಮಜ್ಜಿಯಿಂದ. ಅಜ್ಜಿ ರಾಗಿಕಲ್ಲು ಬೀಸುತ್ತಾ ಪದ ಹೇಳುತ್ತಿದ್ದಳು. ಪದದ ಸಾಲು ಮರೆತುಹೋದರೂ ಕೈ ನಿಲ್ಲುತ್ತಿರಲಿಲ್ಲ. ಕಲ್ಲು ತಿರುಗುತ್ತಲೇ ಇರುತ್ತಿತ್ತು, ನೆನಪಾದಾಗ ಪದ ಬಂದು ಸೇರಿಕೊಳ್ಳುತ್ತಿತ್ತು. ಒಂದು ರಾತ್ರಿ ಅದು ನೆನಪಾಯಿತು. ರಾಗದ ಆಸೆ ಪೂರ್ತಿ ಬಿಟ್ಟೆ. ಒಂದು ತಿಂಗಳು ಬರೀ ಸಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಒಂದು ಗುಂಪು) ಹಿಡಿದು ಸವರಿದೆ. ಟಿವಿ ನೋಡುತ್ತಾ, ಅಮ್ಮನ ಜೊತೆ ಫೋನಲ್ಲಿ ಮಾತಾಡುತ್ತಾ ಸವರಿದೆ. "ಅದೇನೇ ಅದು ಹಿಂದೆ ಕರಕರ ಅಂತಿರೋದು?" ಅಂತ ಅಮ್ಮ ಕೇಳುತ್ತಿದ್ದಳು. ಕೈ ತಾನಾಗಿ ಓಡತೊಡಗಿದ ಮೇಲೆ ಹೆಬ್ಬೆರಳಿನಿಂದ ಒಂದೊಂದೇ ಸ್ವರ ಸೇರಿಸಿದೆ. ಸ್ವರ ತಪ್ಪಿದರೂ ಕೈ ನಿಲ್ಲಿಸಬಾರದು, ಅದೊಂದೇ ನಿಯಮ ಇಟ್ಟುಕೊಂಡೆ.

ಹಾಡುವುದು ಇದಕ್ಕಿಂತ ಕಷ್ಟ ಆಯಿತು. ಕರ್ನಾಟಕ ಸಂಗೀತ ಕಲಿತ ಗಂಟಲು ಸ್ವರವನ್ನು ಸುಮ್ಮನೆ ಬಿಡಲ್ಲ, ತೂಗಿಸುತ್ತದೆ, ಜಾರಿಸುತ್ತದೆ. ಸಾಲಿನ ಕೊನೆಗೆ ನನಗೇ ಗೊತ್ತಿಲ್ಲದ ಹಾಗೆ ಗಮಕ ಬಂದುಬಿಡುತ್ತಿತ್ತು. ನನ್ನ ರೆಕಾರ್ಡಿಂಗ್ ಕೇಳಿದಾಗ ನಾನು ಹಾಡನ್ನು ಸಿಂಗಾರ ಮಾಡುತ್ತಿದ್ದೇನೆ ಅನ್ನಿಸಿತು. ಸಾರಾ ಹಾಗೆ ಮಾಡಲ್ಲ. ಮಾತಾಡುವ ಹಾಗೇ ಹಾಡುತ್ತಾರೆ, ಸಾಲು ಮುಗಿದ ಕಡೆ ಬಿಟ್ಟುಬಿಡುತ್ತಾರೆ. ನಾನು ಮೊದಲು ಹಾಡಿನ ಮಾತನ್ನು ಹತ್ತು ಸಲ ಸುಮ್ನೆ ಓದುತ್ತಿದ್ದೆ. ಆಮೇಲೆ ಅದೇ ಓದಿಗೆ ಸ್ವರ ಕೂಡಿಸುತ್ತಿದ್ದೆ. ಶ್ರುತಿಯನ್ನೂ ಇಳಿಸಿದೆ. ಐದೂವರೆ ಮನೆಯಲ್ಲಿ ಹಾಡುತ್ತಿದ್ದವಳು ಎರಡು ಮನೆಗೆ ಬಂದೆ. ಸಾರಾ ದನಿಗೆ ಹೊಂದಲಿ ಅಂತ ಮೇಬೆಲ್ ಕೂಡ ಎಷ್ಟೋ ಹಾಡಿಗೆ ತಂತಿಗಳನ್ನು ಸಡಿಲ ಮಾಡಿ ನುಡಿಸಿದ್ದಾರೆ. ಅದು ಗೊತ್ತಾದ ಮೇಲೆ ನನಗೆ ಧೈರ್ಯ ಬಂತು.

ಇನ್ನೊಂದು ತೊಡಕು ನಾಲಿಗೆಯದು. ಅವರು ಬ್ರಿಸ್ಟಲ್‌ನಲ್ಲಿ ಮೊದಲು ಹಾಡಿದ ಹಾಡಿನ ಹೆಸರಿನಲ್ಲೇ 'ವೀಪಿಂಗ್ ವಿಲೋ' ಅಂತ ಬರುತ್ತದೆ. ಆ ಎರಡೂ ಪದಕ್ಕೆ ತುಟಿ ದುಂಡಗೆ ಮಾಡಬೇಕು. ಕನ್ನಡದ 'ವ'ಗೆ ನಾವು ಕೆಳತುಟಿಯನ್ನು ಹಲ್ಲಿಗೆ ತಾಗಿಸುತ್ತೇವೆ ಅಲ್ವಾ? ಅಜ್ಜ ಪ್ರತಿ ಸಲ ನನ್ನನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಕನ್ನಡಿ ಮುಂದೆ ನಿಂತು ಸರಿ ಮಾಡಿಕೊಂಡೆ.

ಕಲಿಯುತ್ತಾ ಕಲಿಯುತ್ತಾ ಲೆಸ್ಲಿ ರಿಡಲ್ ಅನ್ನುವವರ ಬಗ್ಗೆ ಗೊತ್ತಾಯಿತು. ಅವರ ಬಗ್ಗೆ ಇಲ್ಲಿ ಹೇಳಲೇಬೇಕು. ಅವರು ಕಪ್ಪು ಜನಾಂಗದ ಗಿಟಾರ್ ವಾದಕ, ನಾವಿರುವ ಕಿಂಗ್ಸ್‌ಪೋರ್ಟ್‌ನಲ್ಲೇ ಇದ್ದವರು. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಹೋಗಿತ್ತು. ಎ.ಪಿ. ಹಾಡು ಹುಡುಕಿಕೊಂಡು ಬೆಟ್ಟದ ಹಳ್ಳಿಗಳಿಗೆ ಹೋಗುವಾಗ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಎ.ಪಿ. ಮಾತು ಬರೆದುಕೊಳ್ಳುವುದು, ರಿಡಲ್ ರಾಗವನ್ನು ತಲೆಯಲ್ಲಿ ಇಟ್ಟುಕೊಳ್ಳುವುದು. ಮೇಬೆಲ್ ಅವರ ಬೆರಳು ನೋಡಿ ಕಲಿತದ್ದೂ ಇದೆ. ಆದರೆ ಡಿಸ್ಕ್‌ಗಳ ಮೇಲೆ ರಿಡಲ್ ಹೆಸರು ಬರಲಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ. ಎಲ್ಲಾದರೂ ಹಾಡಿದರೆ ನಾನು ಅವರ ಹೆಸರು ಹೇಳಿಯೇ ಶುರುಮಾಡುತ್ತೇನೆ.

ಹೆಸರು ಬಂದ ಮೇಲೂ ಆ ಮನೆಯವರ ಬದುಕು ಸುಲಭ ಇರಲಿಲ್ಲ. ಸಾರಾ, ಎ.ಪಿ. ಬೇರೆಯಾದರು, 1936ರಲ್ಲಿ ಡೈವೋರ್ಸ್ ಆಯಿತು. ಆದರೂ ಇನ್ನೂ ಕೆಲವು ವರ್ಷ ಒಂದೇ ಮೈಕ್ ಮುಂದೆ ನಿಂತು ಹಾಡಿದರು. 1943ರಲ್ಲಿ ಮೂವರ ತಂಡ ನಿಂತಿತು. ಮೇಬೆಲ್ ತಮ್ಮ ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮುಂದುವರಿದರು, 1950ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಅನ್ನುವ ಹೆಸರಾಂತ ರೇಡಿಯೊ ಕಾರ್ಯಕ್ರಮ ಸೇರಿದರು. ಆಮೇಲೆ ಹಳೇ ಹಾಡು ಕೇಳುವವರು ಕಡಿಮೆಯಾದ ಕಾಲದಲ್ಲಿ ರಾತ್ರಿ ಪಾಳಿಯಲ್ಲಿ ರೋಗಿಗಳ ಆರೈಕೆ ಮಾಡುವ ನರ್ಸ್ ಕೆಲಸಕ್ಕೂ ಹೋದರು. ನಾನೂ ಆಸ್ಪತ್ರೆ ಲ್ಯಾಬ್‌ನಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ಬೆಳಗ್ಗೆ ಮನೆಗೆ ಬಂದು ನಿದ್ದೆಗೆ ಮೊದಲು ಅರ್ಧ ಗಂಟೆ ಗಿಟಾರ್ ಹಿಡಿಯುವಾಗ ಅವರು ನೆನಪಾಗುತ್ತಾರೆ. 1970ರಲ್ಲಿ ಎ.ಪಿ., ಸಾರಾ, ಮೇಬೆಲ್ ಮೂವರನ್ನೂ ಕಂಟ್ರಿ ಸಂಗೀತದ ದೊಡ್ಡವರ ಗೌರವ ಪಟ್ಟಿಯಾದ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅಷ್ಟರಲ್ಲಿ ಎ.ಪಿ. ತೀರಿಕೊಂಡು ಹತ್ತು ವರ್ಷ ಆಗಿತ್ತು.

ಈಗ ಗುರುವಾರ ಒಂದು ವೃದ್ಧಾಶ್ರಮದಲ್ಲಿ ಹಾಡುತ್ತೇನೆ, ನಾಲ್ಕೈದು ಹಾಡು. ಶನಿವಾರ ರಜೆ ಸಿಕ್ಕರೆ ವರ್ಜೀನಿಯಾದ ಹಿಲ್ಟನ್ಸ್‌ನಲ್ಲಿರುವ ಕಾರ್ಟರ್ ಫ್ಯಾಮಿಲಿ ಫೋಲ್ಡ್ ಅನ್ನುವ ಸಂಗೀತದ ಜಾಗಕ್ಕೆ ಹೋಗುತ್ತೇವೆ. ಎ.ಪಿ., ಸಾರಾ ದಂಪತಿಯ ಮಗಳು ಜ್ಯಾನೆಟ್ ಕಾರ್ಟರ್ ಅಪ್ಪನಿಗೆ ಕೊಟ್ಟಿದ್ದ ಮಾತಿನಂತೆ 1974ರಲ್ಲಿ ಅಲ್ಲಿ ಹಾಡು ಶುರುಮಾಡಿದರು. ಕರೆಂಟಿನ ವಾದ್ಯ ನುಡಿಸುವ ಹಾಗಿಲ್ಲ, ಕುಡಿತ ಇಲ್ಲ. ಮಕ್ಕಳು ಮುದುಕರು ಎಲ್ಲರೂ ವೇದಿಕೆ ಮುಂದೆ ಕುಣಿಯುತ್ತಾರೆ. ಮೇಬೆಲ್ ಅಳಿಯ, ಹೆಸರಾಂತ ಹಾಡುಗಾರ ಜಾನಿ ಕ್ಯಾಶ್, ಹೆಂಡತಿ ಜೂನ್ ತೀರಿಕೊಂಡ ಮೇಲೆ, 2003ರ ಜುಲೈನಲ್ಲಿ ಕೊನೆಯ ಸಲ ಜನರ ಮುಂದೆ ಹಾಡಿದ್ದೂ ಇಲ್ಲೇ.

ಕಲಿಯುವವರು ಅಲ್ಲಿಗೆ ಹೋದರೆ ಬೇಗ ಹೋಗಿ, ವೇದಿಕೆಗೆ ಎದುರಾಗಿ ಸ್ವಲ್ಪ ಎಡಗಡೆಗೆ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಗಿಟಾರ್ ನುಡಿಸುವವರ ಹೆಬ್ಬೆರಳು ಅಲ್ಲಿಂದ ಚೆನ್ನಾಗಿ ಕಾಣುತ್ತೆ.