ನಮ್ಮ ಫಿಯಟ್‌ಗೆ ಸ್ಪಾನರ್ ಸರಿ, ಗ್ಯಾಸ್ ಕಟರ್ ಬೇಡ

ಬಳ್ಳಾರಿಯಲ್ಲಿ ಹಳೇ ಫಿಯಟ್ ಇಟ್ಟುಕೊಂಡವರಿಗೆ ಸಲಹೆಗೇನೂ ಬರವಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಂತರೆ ಸಾಕು. "ಮಾರುತಿ ಜಿಪ್ಸಿ ಎಂಜಿನ್ ಹಾಕ್ಸಿಬಿಡಣ್ಣ, ಹಾರುತ್ತೆ" ಅಂತ ಒಬ್ಬರು. "ಒಂದು ಬೋಲ್ಟೂ ಮುಟ್ಟಬೇಡ, ಹಂಗೇ ಇದ್ರೇನೇ ಬೆಲೆ" ಅಂತ ಇನ್ನೊಬ್ಬರು. ನನ್ನದು 1970ರ ಫಿಯಟ್ 1100 ಡಿಲೈಟ್. ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯದು. ಇದೇ ಗಾಡಿ ಮುಂದೆ ಪದ್ಮಿನಿ ಆಯಿತು. ಹತ್ತಿ ವ್ಯಾಪಾರದ ಮನೆಯೊಂದರಿಂದ ಕೊಂಡೆ. ನನ್ನ ಕಸುಬು ಮೋಟಾರ್ ರಿವೈಂಡಿಂಗ್, ಹಾಗಾಗಿ ವೈರಿಂಗ್ ಕೆಲಸವೆಲ್ಲ ನಾನೇ ಮಾಡಿಕೊಂಡೆ.

ಈ ಗಾಡಿ ಯಾತಕ್ಕೆ ಬೇಕು ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಂಡೆ. ಭಾನುವಾರ ಸಂಡೂರಿಗೋ ಹಂಪಿಗೋ ಹೋಗಬೇಕು, ಮದುವೆ ಮುಂಜಿಗೆ ಹೋಗಬೇಕು, ಬೇಕೆನಿಸಿದರೆ ಮಾರ್ಕೆಟ್ಟಿಗೂ ಹೋಗಬೇಕು. ಅಲ್ಲಿಗೆ ವಿಂಟೇಜ್ ನೋಂದಣಿಯ ಯೋಚನೆ ಬಿಟ್ಟೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದಕ್ಕೆ ನಿಯಮ ತಂದಿದೆ. ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ (ಗಾಡಿಯ ತಳದ ಚೌಕಟ್ಟು), ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತದೆ. ಆದರೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನದ ಓಡಾಟಕ್ಕೆ ಇಲ್ಲ. ಕೂಡಿಟ್ಟು ನೋಡುವವರಿಗೆ ಅದು ಸರಿ. ನಾನು ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುತ್ತಿದ್ದೇನೆ.

ಇನ್ನು ಜಿಪ್ಸಿ ಎಂಜಿನ್. ನಮ್ಮ ಮೆಕ್ಯಾನಿಕ್ಕಿಗೆ ಇದರ ಮೇಲೆ ಬಹಳ ಆಸೆ. ಫಿಯಟ್‌ದು 1089 ಸಿಸಿ, ಶಕ್ತಿ ಸುಮಾರು 40 ಎಚ್‌ಪಿ. ಜಿಪ್ಸಿಯ 1298 ಸಿಸಿ ಎಂಜಿನ್‌ನಲ್ಲಿ ಕೊನೆ ಕೊನೆಗೆ ಬಂದವು ಇದರ ಎರಡು ಪಟ್ಟು ಎಳೆಯುತ್ತವೆ. ಎಳೆಯಲಿ, ಆದರೆ ನಿಲ್ಲಿಸೋದು ಯಾರು? ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಹಿಂದಿನ ಆಕ್ಸಲ್ಲೂ ಆ ಶಕ್ತಿಗೆ ಮಾಡಿದ್ದಲ್ಲ. ಜೊತೆಗೆ ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಗೇರ್‌ಬಾಕ್ಸ್ ಕೂರಿಸಲು ಫ್ಲೋರ್ ಕತ್ತರಿಸಿದರೆ ಗಾಡಿಯ ಬೆನ್ನುಮೂಳೆಗೇ ಕೈ ಹಾಕಿದಂತೆ. ಸ್ಟೇರಿಂಗ್ ಪಕ್ಕದ ಗೇರೂ ಹೋಗುತ್ತದೆ. ಅದು ಹೋದಮೇಲೆ ಫಿಯಟ್ ಓಡಿಸೋ ಖುಷಿ ಏನು ಉಳಿಯಿತು? ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ಸ್ಪಾನರಿನಲ್ಲಿ ಕೂತು ಸ್ಪಾನರಿನಲ್ಲೇ ಬಿಚ್ಚಿ ಬರುವ ಬದಲಾವಣೆಯಾದರೆ ಮಾಡೋದು. ಗ್ಯಾಸ್ ಕಟರ್ ಬೇಕು ಅಂದರೆ ಬೇಡ. ಬಿಚ್ಚಿದ ಸಾಮಾನಿಗೆಲ್ಲ ಚೀಟಿ ಕಟ್ಟಿ ಒಂದು ಟ್ರಂಕಿನಲ್ಲಿ ಇಟ್ಟಿದ್ದೇನೆ.

ಟ್ರಂಕಿಗೆ ಮೊದಲು ಹೋಗಿದ್ದು ಪೆಟ್ರೋಲ್ ಪಂಪು. ಇದಕ್ಕೆ ನಮ್ಮೂರ ಬಿಸಿಲೇ ಕಾರಣ. ಹಳೇ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಏಪ್ರಿಲ್, ಮೇನಲ್ಲಿ ಅದಿರಿನ ಲಾರಿಗಳ ಹಿಂದೆ ತೆವಳಿಕೊಂಡು ಹೋಗುವಾಗ ಪೆಟ್ರೋಲ್ ಅದರೊಳಗೇ ಆವಿಯಾಗುತ್ತದೆ. ಪಂಪಿಗೆ ಆವಿ ತಳ್ಳಲು ಬರಲ್ಲ, ಗಾಡಿ ನಿಂತುಬಿಡುತ್ತದೆ. ಒದ್ದೆ ಬಟ್ಟೆ ಸುತ್ತೋದು ಹಳಬರ ಉಪಾಯ. ಕೆಲಸ ಮಾಡುತ್ತೆ, ಆದರೆ ತೋರಣಗಲ್ಲಿನ ಹತ್ತಿರ ಮಟಮಟ ಮಧ್ಯಾಹ್ನ ಬಾನೆಟ್ ಎತ್ತಿಕೊಂಡು ಎಷ್ಟು ಸಲ ನಿಲ್ಲೋದು? ಹಿಂದೆ ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಹಾಕಿದೆ. ಹಿಂದಿನಿಂದ ಒತ್ತಡದಲ್ಲಿ ಬರೋ ಪೆಟ್ರೋಲ್ ಅಷ್ಟು ಸುಲಭಕ್ಕೆ ಆವಿಯಾಗಲ್ಲ. ಇಲ್ಲೊಂದು ಎಚ್ಚರ ಬೇಕು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡೋ ಕಾರ್ಬುರೇಟರಿಗೆ 2ರಿಂದ 4 ಪಿಎಸ್‌ಐ ಒತ್ತಡ ಸಾಕು. ಈಗಿನ ಇಂಜೆಕ್ಷನ್ ಗಾಡಿಯ ಜೋರು ಒತ್ತಡದ ಪಂಪ್ ಗುಜರಿಯಲ್ಲಿ ಸಿಕ್ಕಿತು ಅಂತ ತಂದು ಹಾಕಿದರೆ ಪೆಟ್ರೋಲ್ ಎಂಜಿನ್ ಮೇಲೆಲ್ಲ ಉಕ್ಕುತ್ತದೆ. ಆಯಿಲ್ ಪ್ರೆಷರ್ ಸ್ವಿಚ್ಚಿಗೆ ಒಂದು ರಿಲೇ ಕಟ್ಟಿದ್ದೇನೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಅಪಘಾತ ಆದಾಗ ಇದರ ಬೆಲೆ ಗೊತ್ತಾಗುತ್ತೆ. ಅದೇ ಹೊತ್ತಿಗೆ ಪೆಟ್ರೋಲ್ ಪೈಪುಗಳನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಿಸಿದೆ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ. ಹಳೇ ರಬ್ಬರು ಅದರಲ್ಲಿ ಉಬ್ಬಿ ಬಿರುಕು ಬಿಡುತ್ತದೆ.

ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ವಿಷಯದಲ್ಲಿ ಮನಸ್ಸು ಒಪ್ಪಲು ತಡವಾಯಿತು. ನನ್ನದೇ ಕಸುಬಿನ ಸಾಮಾನು ಅಲ್ವಾ, ಆರ್ಮೇಚರ್ ಸುತ್ತಿ ಹೊಸದರಂತೆ ಮಾಡಿದ್ದೆ. ಆದರೂ ಅದರ ಗುಣವೇ ಅಷ್ಟು. ಐಡಲ್‌ನಲ್ಲಿ ಚಾರ್ಜ್ ಆಗಲ್ಲ, ರಾತ್ರಿ ಹೆಡ್‌ಲೈಟ್ ಮಂಕು. ಹೊಸಪೇಟೆ ರಸ್ತೆಯಲ್ಲಿ ಮಂಕು ದೀಪ ಹಾಕಿಕೊಂಡು ಲಾರಿಗಳ ಎದುರು ಹೋಗೋದು ಬೇಡ ಅಂತ ಐಡಲ್‌ನಲ್ಲೂ ಚಾರ್ಜ್ ಕೊಡೋ ಆಲ್ಟರ್ನೇಟರ್ ಹಾಕಿದೆ. ಸುತ್ತಿದ ಡೈನಮೋ ಟ್ರಂಕಿನಲ್ಲಿ ಹಾಯಾಗಿದೆ.

ಬಣ್ಣ ಮಾತ್ರ ಮುಟ್ಟಲಿಲ್ಲ. ಮುಂದಿನ ಮಡ್‌ಗಾರ್ಡುಗಳಿಗೆ ಯಾರೋ ಯಾವಾಗಲೋ ಹೊಡೆಸಿದ್ದಾರೆ. ಟಾಪು, ಡಿಕ್ಕಿ, ಬಾಗಿಲ ಒಳಬದಿ ಇನ್ನೂ ಕಾರ್ಖಾನೆಯ ಬೂದು ಬಣ್ಣವೇ. ನಮ್ಮ ಒಣ ಹವೆಯ ಪುಣ್ಯ, ತುಕ್ಕು ಕಡಿಮೆ. ಹೊಸ ಬಣ್ಣ ದುಡ್ಡು ಕೊಟ್ಟರೆ ನಾಳೆನೂ ಸಿಗುತ್ತೆ. ಕುರ್ಲಾದಲ್ಲಿ ಹೊಡೆದ ಬಣ್ಣ ಉಜ್ಜಿ ಹಾಕಿದರೆ ಮತ್ತೆ ಎಲ್ಲಿಂದ ತರೋದು? ಪಾಲಿಶ್ ಮಾಡಿ ಸುಮ್ನಾದೆ. ಮದುವೆ ಮನೆಯಲ್ಲಿ "ಇನ್ನೂ ಪೇಂಟ್ ಹೊಡೆಸಿಲ್ವಾ?" ಅನ್ನೋರು ಅನ್ನುತ್ತಲೇ ಇರುತ್ತಾರೆ.

ನಾನೇ ಹಾಕಿಕೊಂಡ ಕಟ್ಟನ್ನು ಒಂದು ಕಡೆ ಬೇಕಂತಲೇ ಮುರಿದೆ. ಸೀಟ್ ಬೆಲ್ಟಿಗೆ. ಈ ಗಾಡಿಯಲ್ಲಿ ಬೆಲ್ಟೇ ಇರಲಿಲ್ಲ. ಅದಕ್ಕೆ ಬಾಗಿಲ ಪಕ್ಕದ ಕಂಬದಲ್ಲೂ ಫ್ಲೋರಿನಲ್ಲೂ ತೂತು ಕೊರೆಯಲೇಬೇಕು. ಬರೀ ತಗಡಿಗೆ ಬೋಲ್ಟ್ ಬಿಗಿದರೆ ಜೋರು ಎಳೆತಕ್ಕೆ ಕಿತ್ತು ಬರುತ್ತೆ. ಹಿಂದೆ ದಪ್ಪ ಪ್ಲೇಟ್ ಕೊಟ್ಟು ಬಿಗಿಸಿದೆ. ಮಗಳು ಮುಂದೆ ಕೂರುತ್ತಾಳೆ, ಒರಿಜಿನಲ್ ಅಂತ ಹೇಳಿಕೊಂಡು ಅವಳನ್ನು ಹಾಗೇ ಕೂರಿಸಲು ಆಗಲ್ಲ.

ಈಗ ಮನೆಯಲ್ಲಿ ಎಸಿ ಬೇಡಿಕೆ ಬಂದಿದೆ. 40 ಎಚ್‌ಪಿಯಲ್ಲಿ ಕಂಪ್ರೆಸರಿಗೂ ಪಾಲು ಕೊಟ್ಟರೆ ಸಂಡೂರಿನ ಏರು ಹತ್ತೋದು ಕಷ್ಟ, ರೇಡಿಯೇಟರ್ ಕುದಿಯೋದು ಬೇರೆ. ಸದ್ಯಕ್ಕೆ ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೇ ಹೊರಡೋದು ಅಂತ ರಾಜಿಯಾಗಿದೆ.