ಉದ್ದ ಲೆನ್ಸಿಗೆ ತಕ್ಕ ಬ್ಯಾಗ್: ಕಾಸರಗೋಡಿನ ಛಾಯಾಗ್ರಾಹಕರು ಗಮನಿಸಬೇಕಾದ ಸಂಗತಿಗಳು

ವನ್ಯಜೀವಿ ಛಾಯಾಗ್ರಹಣಕ್ಕೆಂದು ಉದ್ದದ ಲೆನ್ಸು ಕೊಂಡವರು ಬ್ಯಾಗ್ ಆರಿಸುವಾಗ ಅದರಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ ಎಂದು ಮೊದಲು ವಿಚಾರಿಸುತ್ತಾರೆ. ನಾನಾದರೆ, ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸಿದ ಹಾಗೆಯೇ ಒಳಗಿಡಲು ಬರುತ್ತದೆಯೇ ಎಂದು ಮೊದಲು ನೋಡುತ್ತೇನೆ. ಕಿದೂರಿನ ಗುಡ್ಡೆಯಲ್ಲಾಗಲಿ ರಾಣಿಪುರದ ಕಾಡಂಚಿನಲ್ಲಾಗಲಿ ಮಂಗಟ್ಟೆ ಹಕ್ಕಿಯೊಂದು ಹಣ್ಣಿನ ಮರಕ್ಕೆ ಬಂದು ಕುಳಿತಾಗ, ಬಾಡಿ (ಲೆನ್ಸಿಲ್ಲದ ಬರಿಯ ಕ್ಯಾಮೆರಾ) ಒಂದು ಕಡೆ ಲೆನ್ಸು ಇನ್ನೊಂದು ಕಡೆ ಇದ್ದರೆ ಎರಡನ್ನೂ ಸೇರಿಸುವಷ್ಟರಲ್ಲಿ ಮರ ಖಾಲಿಯಾಗಿರುತ್ತದೆ. ಅಲ್ಲದೆ, ನಮ್ಮೂರಿನ ತೇವದ ಗಾಳಿಯಲ್ಲಿ, ಬೇಸಗೆಯ ಕೆಂಪು ಧೂಳಿನಲ್ಲಿ ಲೆನ್ಸನ್ನು ಬಿಚ್ಚಿ ಜೋಡಿಸುವುದು ಎಷ್ಟು ಕಡಿಮೆಯಾದರೆ ಸೆನ್ಸರಿಗೆ ಅಷ್ಟು ಕ್ಷೇಮ.

ಆದುದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಅಳತೆ ತೆಗೆಯಬೇಕು. ಲೆನ್ಸನ್ನು ಕ್ಯಾಮೆರಾ ಬಾಡಿಗೆ ಜೋಡಿಸಿ, ಹುಡ್ಡನ್ನು (ಲೆನ್ಸಿನ ಮುಂತುದಿಗೆ ಹಾಕುವ ನೆರಳು ಕೊಳವೆ) ಹಿಮ್ಮುಖವಾಗಿ ತಿರುಗಿಸಿ ಹಾಕಿ, ಮುಂದಿನ ಮುಚ್ಚಳದಿಂದ ಕಣ್ಣಿಟ್ಟು ನೋಡುವ ಐಪೀಸಿನ ತುದಿಯವರೆಗೆ ಅಳೆಯಿರಿ. ಸೋನಿಯ 200-600 ಮಿ.ಮೀ. ಲೆನ್ಸೊಂದೇ ಸುಮಾರು 32 ಸೆಂ.ಮೀ. ಉದ್ದವಿದ್ದು, ಬಾಡಿ ಸೇರಿದರೆ 40 ಸೆಂ.ಮೀ. ಮುಟ್ಟುತ್ತದೆ. ಸಿಗ್ಮಾದ 150-600 ಕಾಂಟೆಂಪರರಿ ಲೆನ್ಸು ಒಳಸರಿದ ಸ್ಥಿತಿಯಲ್ಲಿ 26 ಸೆಂ.ಮೀ. ಮಾತ್ರ ಇರುವುದರಿಂದ ಅದಕ್ಕೆ ಸಾಧಾರಣ ಗಾತ್ರದ ಬ್ಯಾಗ್ ಸಾಕಾಗುತ್ತದೆ. ಕ್ಯಾನನ್ನಿನ 600 ಮಿ.ಮೀ. ಎಫ್/4ರಂತಹ ದೊಡ್ಡ ಲೆನ್ಸು ಬಾಡಿಯಿಲ್ಲದೆಯೇ 45 ಸೆಂ.ಮೀ. ಸಮೀಪ ಇರುವುದರಿಂದ ಅಂಥದ್ದಕ್ಕೆಂದೇ ಹೊಲಿದ ಉದ್ದನೆಯ ಬ್ಯಾಗನ್ನು ಹುಡುಕಬೇಕಾಗುತ್ತದೆ. ಸಿಕ್ಕಿದ ಅಳತೆಗೆ 2-3 ಸೆಂ.ಮೀ. ಸೇರಿಸಿ, ಅದನ್ನು ಬ್ಯಾಗಿನ ಒಳ ಅಳತೆಯೊಡನೆ ಹೋಲಿಸಿ ನೋಡಬೇಕು. ಎದ್ದು ಕಾಣುವಂತೆ ಅಚ್ಚು ಹಾಕಿರುವುದು ಅನೇಕ ವೇಳೆ ಹೊರ ಅಳತೆಯಾಗಿರುತ್ತದೆ. ಆಳವನ್ನೂ ಮರೆಯಬಾರದು. ಹುಡ್ ತಿರುಗಿಸಿದಾಗ ಲೆನ್ಸಿನ ಅಗಲ 11 ಸೆಂ.ಮೀ.ಗಿಂತ ಹೆಚ್ಚಾಗುತ್ತದೆ, ಅದರ ಮೇಲೆ ಟ್ರೈಪಾಡಿಗೆ ಕೂರಿಸುವ ಕಾಲು ಬೇರೆ ಇರುತ್ತದೆ; ಜಿಪ್ಪನ್ನು ಒತ್ತಿ ಹಿಡಿದು ಮುಚ್ಚಬೇಕಾದ ಬ್ಯಾಗ್ ಬೇಡ.

ಬ್ಯಾಗ್ ಯಾವ ಕಡೆಯಿಂದ ತೆರೆಯುತ್ತದೆ ಎಂಬುದು ನಮ್ಮ ಕಡೆ ಅಳತೆಯಷ್ಟೇ ಮುಖ್ಯ. ಮುಂಭಾಗದಿಂದ ತೆರೆಯುವ ಬ್ಯಾಗನ್ನು ಬಿಚ್ಚಲು ಅದರ ಬೆನ್ನನ್ನು ನೆಲಕ್ಕೆ ತಾಗಿಸಿ ಮಲಗಿಸಬೇಕು. ಮಳೆ ಬಿದ್ದ ಮುರಕಲ್ಲಿನ ನೆಲದ ಮೇಲೆ ಹಾಗೆ ಮಲಗಿಸಿದರೆ ಭುಜದ ಪಟ್ಟಿಗೂ ಬೆನ್ನಿನ ಮೆತ್ತೆಗೂ ಕೆಸರು ಮೆತ್ತಿಕೊಳ್ಳುತ್ತದೆ. ರಾಣಿಪುರದ ಕಾಲುದಾರಿಯಲ್ಲಾದರೆ ಪಟ್ಟಿ ಹತ್ತಿದ ಇಂಬಳ ಬ್ಯಾಗನ್ನು ಮತ್ತೆ ಹೆಗಲಿಗೇರಿಸಿದಾಗ ನೇರವಾಗಿ ಕುತ್ತಿಗೆಗೆ ಬರುತ್ತದೆ. ಬೆನ್ನಿನ ಕಡೆಯಿಂದ ತೆರೆಯುವ ಬ್ಯಾಗಿನಲ್ಲಿ ಈ ತೊಂದರೆಯಿಲ್ಲ. ಸೊಂಟದ ಪಟ್ಟಿ ಗಟ್ಟಿಯಾಗಿದ್ದರೆ ಅದನ್ನು ಬಿಚ್ಚದೆ, ಭುಜದ ಪಟ್ಟಿಗಳನ್ನಷ್ಟೇ ಕಳಚಿ, ಬ್ಯಾಗನ್ನು ಹೊಟ್ಟೆಯ ಮುಂದಕ್ಕೆ ತಿರುಗಿಸಿ ನಿಂತಲ್ಲೇ ಲೆನ್ಸನ್ನು ತೆಗೆಯಬಹುದು. ಮಳೆಯ ಹೊದಿಕೆ ಹೊರಭಾಗವನ್ನಷ್ಟೇ ಮುಚ್ಚುವುದರಿಂದ ಅದನ್ನು ಕಳಚುವ ಅಗತ್ಯವೂ ಬೀಳುವುದಿಲ್ಲ. ಬೆಲೆ ಸ್ವಲ್ಪ ಹೆಚ್ಚಾದರೂ ಇಂತಹ ಬ್ಯಾಗನ್ನೇ ಕೊಳ್ಳಿರಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ.

ಭಾರದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಬೇಕು. ಲೆನ್ಸು 2 ಕಿಲೋ, ಬಾಡಿ ಮುಕ್ಕಾಲು ಕಿಲೋ, ಟ್ರೈಪಾಡ್ 2 ಕಿಲೋ, ಬ್ಯಾಗೇ 2 ಕಿಲೋ, ಒಂದು ಲೀಟರ್ ನೀರು ಎಂದರೆ ಹೆಚ್ಚುಕಡಿಮೆ 8 ಕಿಲೋ ಆಯಿತು. ಇದನ್ನು ಭುಜವೊಂದೇ ಹೊರಬಾರದು. ಸೊಂಟದ ಪಟ್ಟಿ ಬರಿಯ ನೈಲಾನ್ ಪಟ್ಟಿಯಾಗಿರದೆ ಮೆತ್ತೆಯಿರುವ ಅಗಲವಾದ ಪಟ್ಟಿಯಾಗಿರಬೇಕು. ಪರೀಕ್ಷಿಸುವಾಗ ನಿಮ್ಮದೇ ಸಾಮಾನುಗಳನ್ನು ತುಂಬಿ, ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರುವಂತೆ ಬಿಗಿದು, ಅನಂತರ ಭುಜದ ಪಟ್ಟಿಗಳನ್ನು ಎಳೆದುಕೊಳ್ಳಿರಿ. ಭಾರ ಹೆಚ್ಚಾಗಿ ಸೊಂಟದ ಮೇಲೆಯೇ ನಿಲ್ಲದಿದ್ದರೆ ಆ ಬ್ಯಾಗ್ ನಿಮ್ಮ ಬೆನ್ನಿನ ಅಳತೆಯದ್ದಲ್ಲ. ಟ್ರೈಪಾಡನ್ನು ಬದಿಗೆ ಕಟ್ಟಿದಾಗ ಅದು ತಲೆಗಿಂತ ಮೇಲೆ ಚಾಚಿಕೊಂಡಿದ್ದರೆ ತೋಟದಲ್ಲಿ ಅಡಿಕೆ ಸೋಗೆಗೂ ಕಾಡಿನಲ್ಲಿ ಬಳ್ಳಿಗೂ ಸಿಕ್ಕಿಕೊಳ್ಳುತ್ತದೆ.

ಸದ್ದಿನ ವಿಚಾರವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ವೆಲ್ಕ್ರೋ ಕೀಳುವ ಪರಪರ ಸದ್ದಿಗೆ ಹತ್ತಿರದ ಹಕ್ಕಿಗಳೆಲ್ಲ ಎದ್ದು ಹೋಗುತ್ತವೆ. ಮುಖ್ಯ ಬಾಗಿಲಿಗೆ ಜಿಪ್ ಮಾತ್ರ ಇರಲಿ. ಅದರ ಹಿಡಿ ಲೋಹದ್ದಾಗಿದ್ದರೆ ತೆಗೆದು ದಾರ ಕಟ್ಟಿಕೊಳ್ಳಬಹುದು. ಲೋಹದ ಹಿಡಿ ಕಡಲ ಬದಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. 2023ರಲ್ಲಿ ಕಾಸರಗೋಡು ಜಿಲ್ಲೆಯ ಅಧಿಕೃತ ಪಕ್ಷಿಯೆಂದು ಘೋಷಿತವಾದ ಬಿಳಿಹೊಟ್ಟೆಯ ಕಡಲ ಹದ್ದನ್ನು ಹುಡುಕಿಕೊಂಡು ತೀರಕ್ಕೆ ಹೋಗುವವರು ಜಿಪ್ಪಿನ ಹಲ್ಲುಗಳು ದಪ್ಪಗಿವೆಯೇ ಎಂದು ನೋಡಿಕೊಳ್ಳಬೇಕು ಮತ್ತು ಮರಳಿದ ಮೇಲೆ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಬಣ್ಣ ಮಾಸಲು ಹಸಿರೋ ಕಂದೋ ಆಗಿದ್ದರಾಯಿತು.

ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುವವರು ಕೈಚೀಲದ ಮಿತಿಯನ್ನು ನೋಡಿಕೊಳ್ಳಬೇಕು. ದೇಶದೊಳಗಿನ ಪ್ರಯಾಣದಲ್ಲಿ ಅದು ಸಾಮಾನ್ಯವಾಗಿ 7 ಕಿಲೋ.

ಇನ್ನು ಮಳೆ. ಬಟ್ಟೆ ನೀರು ಹೀರದಿದ್ದರೂ ಜಿಪ್ಪಿನ ಮೂಲಕ, ಬೆನ್ನಿನ ಮೆತ್ತೆಯ ಮೂಲಕ ಆಟಿ ತಿಂಗಳ ಮಳೆ ಒಳಗೆ ಇಳಿಯುತ್ತದೆ. ಹೊದಿಕೆಯ ಜೊತೆಗೆ, ಲೆನ್ಸನ್ನು ಸುತ್ತಲು ದಪ್ಪ ಪ್ಲಾಸ್ಟಿಕ್ ಚೀಲವೊಂದು ಒಳಗಿರಲಿ. ಮನೆಗೆ ಬಂದ ಕೂಡಲೇ ಲೆನ್ಸನ್ನು ಹೊರತೆಗೆದು, ಶೇಕಡಾ 40ರಿಂದ 50ರಷ್ಟು ತೇವಾಂಶವಿರುವ ಡ್ರೈ ಕ್ಯಾಬಿನೆಟ್ಟಿನಲ್ಲಿಯೋ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಯೋ ಇಡಬೇಕು, ಏಕೆಂದರೆ ಒದ್ದೆ ಫೋಮಿನ ನಡುವೆ ಮುಚ್ಚಿಟ್ಟ ಲೆನ್ಸಿನ ಗಾಜಿಗೆ ಬೂಸ್ಟು ಹಿಡಿಯುತ್ತದೆ. ಬ್ಯಾಗನ್ನು ನೆರಳಿನಲ್ಲಿ, ಫ್ಯಾನಿನ ಕೆಳಗೆ ಪೂರ್ತಿ ತೆರೆದು ಒಣಗಿಸಬೇಕಾಗುವುದರಿಂದ, ಒಳಗಿನ ಅಡ್ಡಗೋಡೆಗಳನ್ನೆಲ್ಲ ಕಿತ್ತು ತೆಗೆಯಲು ಬರುತ್ತದೆಯೇ ಎಂಬುದನ್ನು ಕೊಳ್ಳುವಾಗಲೇ ಕೈಹಾಕಿ ನೋಡಿಕೊಳ್ಳಿರಿ.