ಕಂದೆಲ್ಲವೂ ಕಾಂಡಕೋಶವಲ್ಲ

ಕರಿಗುಡ್ಡೆ ಮುಗಿದು ಬಿಳಿಗುಡ್ಡೆ ಶುರುವಾಗುವ ಅಂಚಿಗೆ ಲಿಂಬಸ್ ಎನ್ನುತ್ತೇವೆ. ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲ್ಪದರವನ್ನು ಸದಾ ಹೊಸದಾಗಿಸುವ ಕಾಂಡಕೋಶಗಳ ತವರು ಅದು. ತಾಂಬೂಲದ ಸುಣ್ಣ ಸಿಡಿದು ಆ ಅಂಚು ಸುಟ್ಟರೆ ರಕ್ತನಾಳಗಳು ಕರಿಗುಡ್ಡೆಯ ಮೇಲೆ ಹಬ್ಬಿ ನೋಟ ಮಂಕಾಗುತ್ತದೆ. ಕೋಲಾರದಲ್ಲಿ ಪ್ಯಾಥಾಲಜಿ ಸ್ನಾತಕೋತ್ತರ ಓದುವಾಗ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಈ ಕೋಶಗಳನ್ನೇ.

ಕಸಿಗೆ ದಾನಿಯ ಕಾರ್ನಿಯಾದ ನಡುಭಾಗ ಸಾಕು. ಸುತ್ತಲಿನ ಬಳೆಯಂಥ ಅಂಚು ಉಳಿಯುತ್ತದೆ. ನನಗೆ ಸಿಕ್ಕಿದ್ದು ಆ ಬಳೆ. ತೆಳುವಾಗಿ ಸೀಳಲು ಅದನ್ನು ಮೇಣದಲ್ಲಿ ಹುದುಗಿಸಬೇಕು. ಮೊದಲ ತುಣುಕನ್ನು ಮಲಗಿಸಿ ಕೆಡಿಸಿದೆ. ನಿಲ್ಲಿಸಿ ಕೂರಿಸಿದರೆ ಮಾತ್ರ ಬಿಳಿಗುಡ್ಡೆಯ ಪೊರೆ, ಲಿಂಬಸ್, ಕಾರ್ನಿಯಾ ಮೂರೂ ಒಂದೇ ಸೀಳಿನಲ್ಲಿ ಸಾಲಾಗಿ ಬರುತ್ತವೆ.

4 ಮೈಕ್ರಾನ್ ಸೀಳುಗಳನ್ನು ಸಿಟ್ರೇಟ್ ದ್ರಾವಣದಲ್ಲಿಟ್ಟು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿ, ಪಿ63 ಪ್ರೋಟೀನನ್ನು ಹಿಡಿಯುವ ಆ್ಯಂಟಿಬಾಡಿ ಹಾಕಿದೆ. ಈ ಪ್ರೋಟೀನು ಕಾಂಡಕೋಶದ ಗುರುತೆಂದು 2001ರಲ್ಲಿ ಇಟಲಿಯ ಪೆಲ್ಲೆಗ್ರಿನಿ ತಂಡ ಹೇಳಿತ್ತು. ಆ್ಯಂಟಿಬಾಡಿ ಅಂಟಿದಲ್ಲಿ ಕಂದು ಬಣ್ಣ ಮೂಡಬೇಕು. ಲಿಂಬಸ್‌ನ ತಳಸಾಲು ಕಂದುಗಟ್ಟಿತು. ಕುಣಿಯುವುದೊಂದೇ ಬಾಕಿ! ಮಾರ್ಗದರ್ಶಕರು ಆ್ಯಂಟಿಬಾಡಿ ಹಾಕದ ಸ್ಲೈಡ್ ಕೇಳಿದರು. ಅದರಲ್ಲೂ ಅದೇ ಸಾಲು ಕಂದಾಗಿತ್ತು.

ಅದು ಮೆಲನಿನ್. ನಮ್ಮವರ ಕಣ್ಣಿನಲ್ಲಿ ತಳದ ಕೋಶಗಳ ತುಂಬ ಈ ಬಣ್ಣದ ಕಣಗಳಿರುತ್ತವೆ. ನಾನು ಬಳಸಿದ ಬಣ್ಣವೂ ಕಂದು. ಕೆಂಪು ಬಣ್ಣಕ್ಕೆ ಬದಲಿಸಿದೆ. ಅದು ಆಲ್ಕೋಹಾಲ್‌ನಲ್ಲಿ ಕರಗುತ್ತದೆ ಎಂಬುದನ್ನು ಮರೆತು ಅಭ್ಯಾಸಬಲದಿಂದ ಅದರಲ್ಲೇ ಅದ್ದಿ ಒಂದು ದಿನದ ದುಡಿಮೆಯನ್ನು ತೊಳೆದುಹಾಕಿದೆ. ಒಂದೇ ಸಮಾಧಾನವೆಂದರೆ ನ್ಯೂಕ್ಲಿಯಸ್‌ಗಳಿಗೆ ಹಾಕುವ ಹಿನ್ನೆಲೆ ಬಣ್ಣ ಹೆಮಟಾಕ್ಸಿಲಿನ್ ನೀಲಿಯಾಗಲು ಕ್ಷಾರದ ನೀರು ಬೇಕು. ಎಲ್ಲರೂ ಬೈಯುವ ನಮ್ಮ ಕೊಳವೆಬಾವಿಯ ಗಡಸು ನೀರು ಆ ಕೆಲಸವನ್ನು ಚೆನ್ನಾಗಿ ಮಾಡಿಕೊಟ್ಟಿತು.

ಕೊನೆಗೆ ಕೆಂಪು ನ್ಯೂಕ್ಲಿಯಸ್‌ಗಳು ಲಿಂಬಸ್‌ನಲ್ಲಿ ನಿಚ್ಚಳವಾಗಿ ಕಂಡವು. ಆದರೆ ಕಾರ್ನಿಯಾದ ತಳದಲ್ಲೂ ಅಲ್ಲಲ್ಲಿ ತೆಳುಗೆಂಪು! ನನ್ನ ಆ್ಯಂಟಿಬಾಡಿ ಪಿ63ರ ಎಲ್ಲ ರೂಪಗಳನ್ನೂ, ಕಾಂಡಕೋಶವಲ್ಲದ ಕೋಶಗಳಲ್ಲಿರುವವನ್ನೂ, ಹಿಡಿಯುತ್ತಿತ್ತು. ಹಾಗಾಗಿ ಪಕ್ಕದ ಸೀಳಿಗೆ ಕೆರಟಿನ್ 3ರ ಆ್ಯಂಟಿಬಾಡಿ ಹಾಕಿದೆ. ಇದು ಬಲಿತ ಕಾರ್ನಿಯಾ ಕೋಶದ ಗುರುತು. ಕಾರ್ನಿಯಾ ತಳದಿಂದ ಮೇಲಿನವರೆಗೂ ಕೆಂಪಾಯಿತು. ಲಿಂಬಸ್‌ನಲ್ಲಿ ಮೇಲಿನ ಸಾಲುಗಳಷ್ಟೇ ಕೆಂಪು, ತಳಸಾಲು ಅಪ್ಪಟ ನೀಲಿ. ಎರಡು ಸ್ಲೈಡ್‌ಗಳನ್ನೂ ಹೊಂದಿಸಿ, ಪಿ63 ಗಾಢವಾಗಿದ್ದು ಕೆರಟಿನ್ 3 ಇಲ್ಲದ ಜಾಗವನ್ನು ಮಾತ್ರ ಗುರುತು ಹಾಕಿಕೊಂಡೆ.

ಪ್ರಬಂಧದಲ್ಲಿ ‘ಕಾಂಡಕೋಶಗಳು’ ಎಂದು ಬರೆದಿದ್ದೆ. ಮಾರ್ಗದರ್ಶಕರು ಹೊಡೆದುಹಾಕಿ ‘ಕಾಂಡಕೋಶಗಳಿರಬಹುದಾದವು’ ಎಂದು ತಿದ್ದಿದರು. ಸತ್ತ ಸೀಳಿನ ಕೋಶ ಎಷ್ಟು ಸಲ ಒಡೆದು ಬೆಳೆಯಬಲ್ಲದು ಎಂದು ಬಣ್ಣ ಹೇಳಲಾರದು. ಅದಕ್ಕೆ ಜೀವಂತ ಕೋಶವನ್ನು ತಟ್ಟೆಯಲ್ಲಿ ಬೆಳೆಸಿಯೇ ನೋಡಬೇಕು. ಆ ಸೌಕರ್ಯ ನಮ್ಮಲ್ಲಿರಲಿಲ್ಲ.